ತೊಕಿಕೊಳ ಎಡಗಾಲು

ಕುರೊಯಿವಾ ತೊಕಿಕೊ ಕೂತಲ್ಲಿ ಕೂರುವ ಹೆಂಗಸಲ್ಲ. ಊಟದ ನಡುವೆ ಎದ್ದು ಕಿಟಕಿ ತೆರೆಯುವಳು, ಎರಡು ತುತ್ತು ತಿಂದು ಮತ್ತೆ ಎದ್ದು ಅದನ್ನೇ ಮುಚ್ಚುವಳು. ಟೀವಿ ಮುಂದೆ ಕೂತರೆ ಕೈಯಲ್ಲಿ ಒಂದು ಬಟ್ಟೆ ಇರಬೇಕು, ಒರೆಸಲು ಏನಾದರೂ ಸಿಗಬೇಕು. "ನಿನ್ನ ಚರ್ಮದೊಳಗೆ ಇರುವೆ ಹರಿದಾಡ್ತಾವೆ" ಎಂದು ಅವಳ ಅಮ್ಮ ಚಿಕ್ಕಂದಿನಿಂದ ಬೈದು ಬೈದು ಸಾಕಾಗಿ ಕೈಬಿಟ್ಟಿದ್ದಳು. ನುಮಾತಾ ಪಟ್ಟಣದ ಶಾಲೆಗಳಿಗೆ ಮಧ್ಯಾಹ್ನದ ಊಟ ಬೇಯಿಸುವ ದೊಡ್ಡ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ಅಲ್ಲಿ ಮಾತ್ರ ಈ ಚಡಪಡಿಕೆಗೆ ಬೆಲೆಯಿತ್ತು. ಹಂಡೆಯ ಸಾರು ತಳ ಹಿಡಿಯುವ ಮೊದಲೇ ಅವಳ ಕೈ ಸೌಟಿನ ಮೇಲೆ ಇರುತ್ತಿತ್ತು.

ಅವಳ ತವರು ಅಕಾಗಿ ಬೆಟ್ಟದ ಇಳಿಜಾರಿನಲ್ಲಿ. ಅಪ್ಪ ಕೊನ್ಯಾಕು ಬೆಳೆಯುತ್ತಿದ್ದ. ಸುವರ್ಣಗಡ್ಡೆಯ ಕುಲದ್ದೇ ಒಂದು ಗಡ್ಡೆ ಅದು. ವಸಂತದಲ್ಲಿ ನೆಡಬೇಕು, ಹಿಮ ಬೀಳುವ ಮೊದಲು ಅಗೆದು ಬೆಚ್ಚಗೆ ಇಡಬೇಕು, ಮತ್ತೆ ನೆಡಬೇಕು. ಮೂರು ವರ್ಷ ಹೀಗೆ ಮಗುವಿನಂತೆ ಒಳಗೆ ಹೊರಗೆ ಎತ್ತಿ ಆಡಿಸಿದ ಮೇಲೆ ಅದು ಮಾರಾಟಕ್ಕೆ ಬರುವುದು. ಗಡ್ಡೆ ತುಂಬಿದ ಪುಟ್ಟ ಲಾರಿಯನ್ನು ಹೊಲದ ಕಡಿದಾದ ದಾರಿಯಲ್ಲಿ ಹಿಮ್ಮುಖವಾಗಿ ಇಳಿಸುವ ಕೆಲಸ ತೊಕಿಕೊಳದು. ಅವಳ ಅಣ್ಣನಿಗೆ ಆ ಕೆಲಸವೆಂದರೆ ಬೆವರು ಕಿತ್ತು ಬರುತ್ತಿತ್ತು. ಇವಳಿಗೆ ಅದು ಆಟ. ಒಂದು ಕೈ ಸ್ಟಿಯರಿಂಗಿನ ಮೇಲೆ, ಕತ್ತು ಹಿಂದಕ್ಕೆ, ಎಡಗಾಲು ಕ್ಲಚ್ಚಿನ ಮೇಲೆ ಬೆಕ್ಕು ನಡೆದಂತೆ. ದಿನವಿಡೀ ಸುಮ್ಮನಿರದ ಮೈ ಆಗ ಮಾತ್ರ ಸುಮ್ಮನಾಗುತ್ತಿತ್ತು.

ಹಿಸಾಶಿ ಅವಳನ್ನು ನೋಡಲು ಬಂದದ್ದು ಬಟ್ಟೆಯ ಮಾಡಿನ, ಇಬ್ಬರೇ ಕೂರಬಹುದಾದ, ಆಟದ ಸಾಮಾನಿನಂಥ ಒಂದು ಪುಟ್ಟ ಕಾರಿನಲ್ಲಿ. ಪಟ್ಟಣದ ನೀರು ಸರಬರಾಜು ವಿಭಾಗದಲ್ಲಿ ಕೆಲಸ, ಒಳ್ಳೆಯ ಮನೆತನ ಎಂದು ಮಧ್ಯಸ್ಥರು ಹೇಳುತ್ತಿದ್ದರೆ ತೊಕಿಕೊ ಹುಡುಗನನ್ನು ನೋಡಿದಳೋ ಕಾರನ್ನು ನೋಡಿದಳೋ, ಅವಳಿಗೇ ಗೊತ್ತಿರಲಿಲ್ಲ. ಒಂದಲ್ಲ ಒಂದು ದಿನ ಇವನು "ತಗೋ, ಓಡಿಸು" ಅನ್ನುತ್ತಾನೆ ಎಂದುಕೊಂಡು ಮದುವೆಯಾದಳು.

ಆ ದಿನ ಬರಲಿಲ್ಲ. ಹಿಸಾಶಿ ಕೆಟ್ಟವನಲ್ಲ, ಬೇಡ ಎಂದವನೂ ಅಲ್ಲ. ಕೊಡಬೇಕೆಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ, ಅಷ್ಟೆ. ಸಂತೆಗೆ, ಕೆಲಸಕ್ಕೆ ಅವಳಿಗೊಂದು ಗೇರಿಲ್ಲದ ಮಾಮೂಲಿ ಕಾರು ಕೊಡಿಸಿದ್ದ. ಬಟ್ಟೆ ಮಾಡಿನ ಕಾರು ಅವನದು. ಭಾನುವಾರ ಬೆಳಿಗ್ಗೆ ಅವಳು ಅದರ ಎಡಗಡೆ ಸೀಟಿನಲ್ಲಿ, ಮಡಿಲಲ್ಲಿ ಅನ್ನದ ಉಂಡೆಗಳ ಡಬ್ಬಿ ಇಟ್ಟುಕೊಂಡು, ಅಕಾಗಿ ಬೆಟ್ಟದ ಮೇಲಿನ ಕೆರೆಗೆ ಹೋಗುವಳು. ಅಲ್ಲಿ ಇಂಥದೇ ಕಾರುಗಳ ಹುಚ್ಚಿನ ನಾಲ್ಕು ಜನ ಸೇರಿ ಡಬ್ಬಿಯ ಕಾಫಿ ಕುಡಿಯುತ್ತಾ ಹರಟುವರು. ದಾರಿಯ ಪ್ರತಿ ತಿರುವಿನಲ್ಲೂ ಅವಳ ಕಾಲು ನೆಲವನ್ನು ಒತ್ತುತ್ತಿತ್ತು.

"ಮತ್ತೆ ಬ್ರೇಕ್ ಹಾಕ್ತಾ ಇದೀಯಾ? ಹೆದರ್ತೀಯ ಯಾಕೆ, ನಾನಿದೀನಲ್ಲ" ಎಂದು ಹಿಸಾಶಿ ನಗುವನು.

"ಹೂಂ" ಎನ್ನುವಳು ತೊಕಿಕೊ.

ಹೀಗೆ ಮೂವತ್ತು ವರ್ಷದ ಮೇಲಾಯಿತು. ಮಗಳು ಬೆಳೆದು ಸೆಂದಾಯಿಗೆ ಮದುವೆಯಾಗಿ ಹೋದಳು. ಆ ವಸಂತದಲ್ಲಿ ಹೊಸ ಪುಟ್ಟ ಕಾರೊಂದು ಬಿಡುಗಡೆಯಾಯಿತು.

ಅದು ಬರುತ್ತದೆ ಎಂಬ ಸುದ್ದಿ ಹಬ್ಬಿದಂದಿನಿಂದ ಕೆರೆಯ ದಡದಲ್ಲಿ ಬೇರೆ ಮಾತೇ ಇರಲಿಲ್ಲ. ಇನ್ನು ಇಂಥ ಕಾರು ಯಾರೂ ಮಾಡುವುದಿಲ್ಲ, ಇದೇ ಕಡೆಯದು ಎಂದು ಒಬ್ಬ. ಕಡೆಯದು ಎಂದು ಹತ್ತು ವರ್ಷದಿಂದ ಹೇಳುತ್ತಿದ್ದಾರೆ ಎಂದು ಇನ್ನೊಬ್ಬ. ಹಿಸಾಶಿ ಎಲ್ಲರಿಗಿಂತ ಮೊದಲು ಬುಕ್ ಮಾಡಿಸಿದ. ಹಳೆಯ ಕಾರನ್ನು ಗೆಳೆಯರ ಪೈಕಿಯೇ ಒಬ್ಬ, ಸಾಕೆ ಎಂಬ ಅಕ್ಕಿಹೆಂಡದ ಅಂಗಡಿಯ ಸುನಾಗಾನಿಗೆ ಮಾರಿದ. ಆಮೇಲೆ ಕಾಯುವ ಕೆಲಸ. ಮನೆಯಲ್ಲಿ ಈಗ ಇಬ್ಬರಿಗೂ ಮುಳ್ಳಿನ ಮೇಲೆ ಕೂತ ಹಾಗೆ. ಅವನು ಫೋನಿನಲ್ಲಿ ಕಾರಿನ ಚಿತ್ರಗಳನ್ನು ತೋರಿಸುತ್ತಲೇ ಇರುವನು, ಅವಳು ಒರೆಸಿದ ಮೇಜನ್ನೇ ಒರೆಸುತ್ತಿರುವಳು.

ಇದರ ನಡುವೆ ತೊಕಿಕೊಳ ಕಣ್ಣಿಗೆ ಇನ್ನೊಂದು ಬಿತ್ತು. ಚಳಿಗಾಲದಲ್ಲಿ ಅಂಗಳದ ಹಿಮ ಎತ್ತುವಾಗ ಹಿಸಾಶಿಯ ಸೊಂಟ ಒಮ್ಮೆ ಹಿಡಿದುಕೊಂಡಿತ್ತು. ವಾಸಿಯಾಯಿತು ಎಂದಿದ್ದ. ಆದರೆ ಈಗೀಗ ಅವನು ಕಾಲುಚೀಲವನ್ನು ಮಲಗಿಕೊಂಡು ಹಾಕಿಕೊಳ್ಳುತ್ತಿದ್ದ. ಕೇಳಿದರೆ, "ಸೋಮಾರಿತನ ಕಣೆ" ಎಂದು ನಗುತ್ತಿದ್ದ.

ಮೇ ತಿಂಗಳಲ್ಲಿ ಕಾರು ಬಂತು. ಮಳೆ ಬರುವ ಮುಂಚಿನ ಮೋಡದ ಬಣ್ಣ. ಮೊದಲ ಭಾನುವಾರ ಇಬ್ಬರೂ ಮಾಡು ತೆರೆದುಕೊಂಡು ಬೆಟ್ಟ ಹತ್ತಿದರು. ಹಿಸಾಶಿ ದಾರಿಯುದ್ದಕ್ಕೂ ಮಾತೇ ಆಡಲಿಲ್ಲ. ಸಂತೋಷಕ್ಕೆ ಇರಬೇಕು ಎಂದುಕೊಂಡಳು ತೊಕಿಕೊ.

ಕೆರೆಯ ದಡದಲ್ಲಿ ಎಲ್ಲರೂ ಕಾದಿದ್ದರು. ಕ್ಷೌರದಂಗಡಿಯ ನೊಗಾಮಿ ಓಡಿ ಬಂದು ಬಾನೆಟ್ಟಿನ ಮೇಲೆ ಕೈಯಿಡಲು ಹೋಗಿ, ಬೆರಳಚ್ಚು ಬಿದ್ದೀತೆಂದು ತಡೆದುಕೊಂಡ. ಸುನಾಗಾ ಹಿಂದಿನಿಂದ ಬಗ್ಗಿ ಹೊಗೆಕೊಳವೆ ನೋಡಿದ. ಎಲ್ಲರಿಗೂ ಹಿರಿಯ ಇಬುಕಿ ಅಜ್ಜ, ಒಂದು ಕಾಲದಲ್ಲಿ ಇದೇ ಬೆಟ್ಟಕ್ಕೆ ಬಸ್ಸು ಓಡಿಸುತ್ತಿದ್ದವನು, ಕಲ್ಲುಕಟ್ಟೆಯ ಮೇಲೆ ಕೂತೇ ನೋಡಿದ.

"ಇಳೀರಿ ಕುರೊಯಿವಾ ಸಾನ್, ನಾವೂ ಒಂದು ಸಲ ಕೂತು ಪಾವನರಾಗ್ತೀವಿ" ಎಂದು ನೊಗಾಮಿ ಹಿಸಾಶಿಯನ್ನು ಕರೆದ.

"ತಡಿ ಮಾರಾಯ. ಎಂಜಿನ್ ಸದ್ದು ಕೇಳು ಮೊದ್ಲು" ಎಂದ ಹಿಸಾಶಿ. ಇಳಿಯಲಿಲ್ಲ.

"ಸದ್ದು ಕೇಳ್ತಾ ಇದೆ. ಹಳೇದು ಗಂಡಸಿನ ಹಾಗೆ ಕೆಮ್ತಿತ್ತು. ಇದು ಗಂಟಲಿಗೆ ಜೇನು ಹಾಕ್ಕೊಂಡ ಹಾಗಿದೆ" ಎಂದ ಸುನಾಗಾ.

"ನಿಂಗೆ ಹೊಟ್ಟೆಕಿಚ್ಚು" ಎಂದ ಹಿಸಾಶಿ.

"ಇರಬಾರದಾ? ಆದ್ರೂ ಹೇಳ್ತೀನಿ, ನಡುಮಧ್ಯೆ ಈ ಟೀವಿ ಯಾಕೆ ಇಟ್ಟಿದಾರೆ? ರಸ್ತೆ ನೋಡೋದೋ ಇದನ್ನ ನೋಡೋದೋ?"

ನೊಗಾಮಿ ಎಡಗಡೆ ಸೀಟಿಗೆ ಹಾರಿ ಕೂತು ಗೇರಿನ ಕಡ್ಡಿ ಆಡಿಸಿದ. "ಆಹಾ, ನೋಡ್ರಯ್ಯಾ. ಹೊಸ ಕತ್ತರಿ ಇದ್ದ ಹಾಗೆ. ಮಣಿಕಟ್ಟು ಆಡಿಸಿದ್ರೆ ಸಾಕು." ಹಿಂದೆ ತಿರುಗಿ, "ಡಿಕ್ಕೀಲಿ ಎರಡು ಮೂಲಂಗಿ ಹಿಡಿದ್ರೆ ಹೆಚ್ಚು" ಎಂದು ಅದನ್ನೂ ಸೇರಿಸಿದ.

"ಸ್ಟಿಯರಿಂಗ್ ತೀರಾ ಹಗುರ ಅಂತಾರಲ್ಲ?" ಎಂದು ಸುನಾಗಾ.

"ಹಗುರಾನೇ ಇದೆ" ಎಂದ ಹಿಸಾಶಿ. ಅವನ ಹಣೆಯ ಮೇಲೆ ಬೆವರಿತ್ತು. ಕೆರೆಯ ಗಾಳಿಗೆ ಎಲ್ಲರೂ ಕೋಟಿನ ಜಿಪ್ಪು ಮೇಲೆಳೆದುಕೊಂಡಿದ್ದ ಹೊತ್ತು ಅದು. ಅವನ ಬಲಗೈ ಬಾಗಿಲಿನ ಅಂಚನ್ನು ಹಿಡಿದಿತ್ತು, ಗೆಣ್ಣುಗಳು ಬಿಳಿಚಿದ್ದವು.

ತೊಕಿಕೊಳಿಗೆ ಆಗ ಹೊಳೆಯಿತು. ಇವನು ಇಳಿಯುತ್ತಿಲ್ಲ ಅಂತಲ್ಲ, ಇಳಿಯಲಾರ.

"ಏನು ಸ್ವಾಮಿ, ಅಂಟು ಹಾಕಿದಾರಾ ಸೀಟಿಗೆ?" ಎಂದ ನೊಗಾಮಿ.

"ಅವರನ್ನ ಇಳಿಸೋಕೆ ನನ್ನ ಕೈಲೇ ಆಗ್ಲಿಲ್ಲ, ನಿಮ್ಮ ಕೈಲಾಗತ್ತಾ?" ಎಂದಳು ತೊಕಿಕೊ ತಟ್ಟನೆ. "ನಿನ್ನೆ ಊಟಾನೂ ಇದರಲ್ಲೇ ಕೂತು ಮಾಡಿದ್ರು. ಮುಂದಿನ ವಾರ ಬನ್ನಿ, ಹುಚ್ಚು ಸ್ವಲ್ಪ ಇಳಿದಿರತ್ತೆ."

ಎಲ್ಲರೂ ಹೋ ಎಂದು ನಕ್ಕರು. "ಹಬ್ಬದ ಅಡುಗೆ ತೋರಿಸಿ ಬಾಗಿಲು ಹಾಕ್ಕೊಂಡ ಹಾಗಾಯ್ತು" ಎಂದು ಸುನಾಗಾ ಗೊಣಗಿದ. ನೊಗಾಮಿ ಸೀಟು ಬಿಟ್ಟುಕೊಡುತ್ತಾ, "ಅತ್ತಿಗೆ, ಬರುವಾಗ ಎಷ್ಟು ಸಲ ಬ್ರೇಕ್ ಹಾಕಿದ್ರಿ? ಹೊಸ ಕಾರಿನ ನೆಲ ತೂತಾದೀತು!" ಎಂದು ಹಳೆಯ ತಮಾಷೆಯನ್ನೇ ಎತ್ತಿದ.

ಅಷ್ಟು ಹೊತ್ತು ಸುಮ್ಮನಿದ್ದ ಇಬುಕಿ ಅಜ್ಜ ಕಟ್ಟೆಯ ಮೇಲಿಂದ ಹೇಳಿದ: "ಬ್ರೇಕು ಎಲ್ಲಿ ಬಂತಯ್ಯಾ? ಸುನಾಗಾ ತಗೊಂಡ ಆ ಹಳೆ ಕಾರಿನ ಮ್ಯಾಟ್ ನೋಡಿದೀಯಾ? ಈಯಮ್ಮ ಕೂರೋ ಕಡೇದು ಎಡಪಕ್ಕದಲ್ಲಿ ಮಾತ್ರ ಸವೆದಿದೆ. ಬ್ರೇಕು ಹಾಕೋ ಕಾಲು ಅದಲ್ಲ."

ನೊಗಾಮಿಗೆ ಅರ್ಥವಾಗಲಿಲ್ಲ. ಹಿಸಾಶಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ತೊಕಿಕೊಳ ಕಿವಿ ಮಾತ್ರ ಕೆಂಪಾಯಿತು. ಕದ್ದದ್ದು ಸಿಕ್ಕಿಬಿದ್ದ ಹಾಗೆ ಅನ್ನಿಸಿ, ಬೇಗ ಹತ್ತಿ ಬಾಗಿಲು ಹಾಕಿಕೊಂಡಳು.

ಇಳಿಯುವ ದಾರಿಯ ಮೂರನೆಯ ತಿರುವಿನಲ್ಲಿ ಕಾರು ಜಗ್ಗಿ ಜಗ್ಗಿ ನಡೆಯಿತು. ರಸ್ತೆ ಅಗಲವಾದಲ್ಲಿ ಹಿಸಾಶಿ ಅದನ್ನು ಬದಿಗೆ ಹಾಕಿ ಎಂಜಿನ್ ಆರಿಸಿದ.

"ಕಾಲು ಗೊತ್ತಾಗ್ತಿಲ್ಲ" ಎಂದ. "ಎಡಗಾಲು. ಕ್ಲಚ್ಚು ಒತ್ತಿದೀನೋ ಬಿಟ್ಟಿದೀನೋ ತಿಳೀತಿಲ್ಲ."

"ಯಾವಾಗಿಂದ?"

"ಹತ್ತುವಾಗ್ಲೇ." ಬೆವರು ಒರೆಸಿಕೊಂಡು, "ನೊಗಾಮಿಗೆ ಫೋನ್ ಮಾಡು" ಎಂದ.

"ಮಾಡಲ್ಲ. ಈ ಕಡೆ ಬನ್ನಿ ನೀವು."

"ತೊಕಿಕೊ, ಇದು ಗೇರಿನ ಗಾಡಿ."

"ನಾನು ಗೇರಿನ ಗಾಡೀಲಿ ಗಡ್ಡೆ ಹೊತ್ತು ಬೆಳೆದೋಳು. ಮರ್ತೋಯ್ತಾ?"

ಅವನು ಅವಳ ಮುಖ ನೋಡಿದ. ಮರೆತಿದ್ದನೋ, ಎಂದೂ ಗೊತ್ತೇ ಇರಲಿಲ್ಲವೋ. ಅವಳು ಅತ್ತ ಕಡೆ ಬಂದು ಬಾಗಿಲು ತೆರೆದು, ಅನ್ನದ ಹಂಡೆ ಎತ್ತುವ ಪಟ್ಟಿನಲ್ಲಿ ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಐವತ್ತೇಳರ ಗಂಡಸು ನೋವಿಗೆ ಮಗುವಿನಂತೆ ಮುಲುಗಿದ. ಕಾರಿನ ಮೈಗೆ ಆತುಕೊಂಡು ಎಡಗಡೆ ಸೀಟಿಗೆ ಬಂದು ಬೀಳುವಷ್ಟರಲ್ಲಿ ಇಬ್ಬರೂ ಏದುಸಿರು ಬಿಡುತ್ತಿದ್ದರು.

ತೊಕಿಕೊ ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಮೊದಲ ಸಲ ಕ್ಲಚ್ಚು ಬಿಟ್ಟಾಗ ಕಾರು ಕುಕ್ಕಿ ನಿಂತಿತು. ಹಿಸಾಶಿ ಕಣ್ಣು ಮುಚ್ಚಿಕೊಂಡ. ಎರಡನೆಯ ಸಲ ಹೊರಟಿತು.

ಆಮೇಲೆ ನಡೆದದ್ದನ್ನು ಅವಳು ಯಾರಿಗೂ ಸರಿಯಾಗಿ ಹೇಳಲಾರಳು. ಅಪ್ಪನ ಲಾರಿ ಎತ್ತಿನಂಥದು; ಹೇಳಬೇಕು, ಕಾಯಬೇಕು, ಆಮೇಲೆ ಅದು ತಿರುಗುವುದು. ಇದು ಹೇಳುವ ಮೊದಲೇ ತಿರುಗಿತ್ತು. ರಸ್ತೆಯ ಸಣ್ಣ ಹರಳೂ ಸೊಂಟಕ್ಕೆ ಸುದ್ದಿ ಮುಟ್ಟಿಸಿತು. ಎರಡನೆಯ ಗೇರಿನಲ್ಲಿ ತಿರುವಿಗೆ ಇಳಿದು ಹೊರಬರುವಾಗ ಎಂಜಿನ್ನಿನ ದನಿ ಏರಿತು, ಅವಳ ಬಾಯಿಂದ ಅವಳಿಗೇ ಗೊತ್ತಿಲ್ಲದ ಒಂದು ಸದ್ದು ಹೊರಟಿತು. ಬರ್ಚ್ ಮರಗಳ ಎಳೆ ಎಲೆ ತಲೆಯ ಮೇಲೆ ಹರಿದು ಹೋಗುತ್ತಿತ್ತು. ಪಕ್ಕದಲ್ಲಿ ಗಂಡ ನೋವಿನಿಂದ ಹಲ್ಲು ಕಚ್ಚಿದ್ದಾನೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಇನ್ನೂ ನಾಲ್ಕು ತಿರುವು ಇರಬಾರದೇ ಅನ್ನಿಸಿತು.

"ಹೊಸ ಎಂಜಿನ್, ಜಾಸ್ತಿ ಎಳೀಬೇಡ" ಎಂದ ಹಿಸಾಶಿ ಕಣ್ಣು ಮುಚ್ಚಿಕೊಂಡೇ.

ಪಟ್ಟಣ ತಲುಪಿದಾಗ ಆಸ್ಪತ್ರೆಗೆ ತಿರುಗುವ ಸಿಗ್ನಲ್ ಹಸಿರಾಗಿತ್ತು. ಅವಳು ನೇರ ಹೋದಳು. ಹೊಳೆಯ ಪಕ್ಕದ ರಸ್ತೆ ಖಾಲಿ ಇತ್ತು. ಸೇತುವೆಯವರೆಗೂ ಹೋಗಿ ಮೂರನೆಯ ಗೇರು, ನಾಲ್ಕನೆಯದು, ಮತ್ತೆ ಮೂರು.

"ತೊಕಿಕೊ, ಆಸ್ಪತ್ರೆ ಹಿಂದೆ ಹೋಯ್ತು."

"ತಪ್ಪಿ ಬಂದೆ" ಎಂದಳು.

ತಪ್ಪಿ ಬಂದದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಬೆನ್ನುಮೂಳೆಯ ನಡುವಿನ ಮೆತ್ತೆ ಜರುಗಿ ನರವನ್ನು ಒತ್ತುತ್ತಿದೆ ಎಂದರು ಡಾಕ್ಟರು. ಶಸ್ತ್ರಚಿಕಿತ್ಸೆಯಾಯಿತು. ಕೆಳಗಿನ ಸೀಟು, ಕ್ಲಚ್ಚು, ಬಗ್ಗುವುದು, ಎತ್ತುವುದು ಎಲ್ಲಕ್ಕೂ ಸದ್ಯಕ್ಕೆ ತಡೆ. ಹಿಸಾಶಿ ಕೋಲು ಹಿಡಿದು ಮನೆಯಲ್ಲೇ ಉಳಿದ. ಈಗ ಅವನ ಸರದಿ: ಏಳುವನು, ಕೂರುವನು, ಶೆಡ್ಡಿಗೆ ಹೋಗಿ ಕಾರಿನ ಮುಸುಕು ಸರಿಸಿ ನೋಡುವನು, ಮತ್ತೆ ಬರುವನು. ತೊಕಿಕೊ ಆ ಕಡೆ ತಲೆ ಹಾಕಲಿಲ್ಲ. ಅವನ ಕಾರು, ಅವನ ನೋವು, ಆ ದಿನ ತಾನು ಹಾಕಿದ ಒಂದು ಸುತ್ತು: ಮೂರೂ ಸೇರಿ ಅವಳನ್ನು ಆ ಬಾಗಿಲಿಂದ ದೂರ ಇಟ್ಟಿದ್ದವು.

ಕಡೆಗೆ ಅವನೇ ಹೇಳಿದ. "ನಿಂತು ನಿಂತು ಬ್ಯಾಟರಿ ಸಾಯತ್ತೆ. ಸ್ವಲ್ಪ ಓಡಿಸ್ಕೊಂಡು ಬಾ."

"ಎಲ್ಲಿಗೆ?"

"ಕೆಲಸಕ್ಕೆ ಹೋಗು. ಎಲ್ಲಾದ್ರೂ ಹೋಗು."

ಅಡುಗೆಮನೆಯ ಹೆಂಗಸರು ಕಿಟಕಿಗೆ ಮುಗಿಬಿದ್ದರು. "ಯಾರೇ ಅದು ತೊಕಿಕೊನಾ? ಗಂಡನ್ನ ಬದಲಾಯಿಸಿದ್ಯೋ ಕಾರನ್ನೋ?" ಎಂದು ಕಿರುಚಿದವರಿಗೆ ಅವಳು ತಲೆಗೆ ಬಿಗಿದ ಬಟ್ಟೆ ಬಿಚ್ಚುತ್ತಾ, "ಗಂಡ ಹಳೆಯೋನೇ, ಕಾರು ಅವರದೇ, ನಾನು ಹೊಸಬಳು" ಎಂದಳು. ಹೇಳಿದ ಮೇಲೆ ತಾನೇ ಬೆಚ್ಚಿದಳು. ಆವತ್ತು ಎರಡು ಸಲ ಸಾರಿಗೆ ಉಪ್ಪು ಹಾಕಿದಳು.

ಜುಲೈ ಕಡೆಯ ಭಾನುವಾರ ಅವಳು ಒಬ್ಬಳೇ ಬೆಟ್ಟ ಹತ್ತಿದಳು. ಕೆರೆಯ ದಡದಲ್ಲಿ ಅವಳು ಬಲಗಡೆ ಬಾಗಿಲಿನಿಂದ ಇಳಿದಾಗ ಮಾತು ನಿಂತುಹೋಯಿತು. ನೊಗಾಮಿ ಹಿಸಾಶಿಯ ಆರೋಗ್ಯ ಕೇಳಿದ, ಸುನಾಗಾ ಒಂದು ಡಬ್ಬಿ ಕಾಫಿ ತಂದುಕೊಟ್ಟ. ಆಮೇಲೆ ಏನು ಮಾತಾಡಬೇಕೋ ಯಾರಿಗೂ ತಿಳಿಯದೆ ಕಾರನ್ನೇ ಸುತ್ತಿದರು.

"ಅಲ್ಲಯ್ಯಾ, ಓಡಿಸಿದವರನ್ನ ಕೇಳಿ" ಎಂದ ಇಬುಕಿ ಅಜ್ಜ. "ಹೊಸ ಕಾರು ಹೇಗಿದೆ ಅಂತ ಮೊದಲು ಹೇಳೋ ಹಕ್ಕು ಅವರದು."

"ನಂಗೇನು ಗೊತ್ತು" ಎಂದಳು ತೊಕಿಕೊ.

"ಸ್ಟಿಯರಿಂಗ್ ಹಗುರ ಅಲ್ವಾ ಅತ್ತಿಗೆ? ತೀರಾ ಹಗುರ?" ಎಂದ ಸುನಾಗಾ, ತನ್ನ ಮಾತು ಗೆಲ್ಲಲಿ ಎಂಬ ಆಸೆಯಿಂದ.

"ಹಗುರ ಇದೆ. ನಂಗೆ ಹಗುರಾನೇ ಬೇಕಿತ್ತು. ಭಾರ ಎತ್ತೋಕೆ ಅಡುಗೆಮನೆ ಇದೆಯಲ್ಲ." ಅವರು ನಕ್ಕರು. ಅವಳು ನಗಲಿಲ್ಲ, ಕಾಫಿ ಡಬ್ಬಿಯನ್ನು ಕೈಯಿಂದ ಕೈಗೆ ಬದಲಾಯಿಸುತ್ತಾ ಮುಂದುವರಿಸಿದಳು. "ಇಳಿಜಾರಲ್ಲಿ ಎರಡನೇ ಗೇರು ಹಾಕಿದ್ರೆ ಮೂಗನ್ನ ತಿರುವಿನ ಒಳಕ್ಕೆ ಎಳ್ಕೊಳತ್ತೆ, ಅದು ಚೆನ್ನಾಗಿದೆ. ಬೆಳಿಗ್ಗೆ ತಣ್ಣಗಿದ್ದಾಗ ಒಂದರಿಂದ ಎರಡಕ್ಕೆ ಸ್ವಲ್ಪ ಮುನಿಸು. ರಸ್ತೆಯ ಬಿಳಿ ಗೆರೆ ದಾಟಿದ್ರೆ ಪೀಂ ಪೀಂ ಅಂತ ಬೈಯತ್ತೆ, ಅದು ನಮ್ಮತ್ತೆ ಹಾಗೆ. ಆದ್ರೆ ಒಂದು ಇದೆ. ಇಳಿದ ಮೇಲೆ ಸಮಾಧಾನ ಆಗಬೇಕಲ್ವಾ? ಆಗಲ್ಲ. ಇನ್ನೂ ಹೋಗಬೇಕು ಅನ್ಸತ್ತೆ. ಅದು ಕಾರಿನ ದೋಷಾನೋ ನನ್ನ ದೋಷಾನೋ ನಂಗೊತ್ತಿಲ್ಲ."

ಯಾರೂ ನಗಲಿಲ್ಲ. ನೊಗಾಮಿ ತಲೆ ಕೆರೆದುಕೊಂಡು, "ಅದೇ ಅಲ್ವಾ ನಮಗೂ ಇರೋ ಕಾಯಿಲೆ" ಎಂದ.

ಸುದ್ದಿ ಅವಳಿಗಿಂತ ಮೊದಲು ಮನೆ ತಲುಪಿತ್ತು. ನೊಗಾಮಿ ಫೋನ್ ಮಾಡಿ, ಅತ್ತಿಗೆ ಬಹಳ ಚೆನ್ನಾಗಿ ಹೇಳಿದರು ಎಂದು ಹೊಗಳಿದ್ದ. ಹಿಸಾಶಿ ಮೆಟ್ಟಿಲ ಮೇಲೆ ಕೋಲು ಊರಿ ನಿಂತಿದ್ದ.

"ನನ್ನ ಕಾರಿನ ಬಗ್ಗೆ ನೀನು ಮಾತಾಡಿದೆಯಂತೆ."

"ಕೇಳಿದ್ರು, ಹೇಳಿದೆ."

"ಒಂದರಿಂದ ಎರಡಕ್ಕೆ ಮುನಿಸು ಅಂದೆಯಂತೆ. ನಂಗೆ ಅದು ಗೊತ್ತಾಗೋವಷ್ಟೂ ಓಡಿಸೋಕೆ ಸಿಗಲಿಲ್ಲ." ಅವನು ಕಾರಿನ ಕಡೆ ಕೋಲು ತೋರಿಸಿದ. "ಮಾರಿಬಿಡೋಣ. ಶೆಡ್ಡಲ್ಲಿ ಇಟ್ಟುಕೊಂಡು ನೋಡೋಕೆ ಆಗಲ್ಲ ನನ್ನ ಕೈಲಿ."

ತೊಕಿಕೊ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಬಟ್ಟಲನ್ನು ಮತ್ತೆ ತೊಳೆದಳು. ಇನ್ನೊಮ್ಮೆ ತೊಳೆದಳು. ಆಮೇಲೆ ನೀರು ನಿಲ್ಲಿಸಿ ಹೊರಗೆ ಬಂದಳು.

"ಮೂವತ್ತು ವರ್ಷ ಪಕ್ಕದಲ್ಲಿ ಕೂತೆ. ನೀನೂ ಓಡಿಸ್ತೀಯಾ ಅಂತ ಒಂದು ದಿನ ಕೇಳಿದ್ರಾ?"

ಹಿಸಾಶಿ ಕೋಲಿನ ತುದಿಯಿಂದ ಮೆಟ್ಟಿಲ ಮಣ್ಣು ಕೆರೆದ. "ನೀನೂ ಕೇಳಲಿಲ್ವಲ್ಲೇ" ಎಂದ ಕಡೆಗೆ.

ಅದೂ ನಿಜವೇ. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಅವನಿಗೆ ಕೂರಲು ಅವಳೇ ಕೈ ಕೊಟ್ಟಳು. ಆ ಸಂಜೆ ತಣ್ಣನೆಯ ಸೋಬಾ ಶಾವಿಗೆ ತಿಂದು ಮಲಗಿದರು.

ಮಾರುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಎತ್ತಿಯಾನು ಎಂಬ ಹೆದರಿಕೆ ಬೇಸಿಗೆಯೆಲ್ಲ ಅವಳನ್ನು ಬಿಡಲಿಲ್ಲ. ವ್ಯಾಪಾರಿಯ ಫೋನೇನೋ ಎಂದು ಪ್ರತಿ ಕರೆಗೂ ಕಿವಿಗೊಡುವಳು. ಸೆಪ್ಟೆಂಬರಿನಲ್ಲಿ ಹಿಸಾಶಿ ಕೋಲು ಬಿಟ್ಟು ಆಫೀಸಿಗೆ ಹೋಗಲು ಶುರುಮಾಡಿದ, ಅವಳ ಗೇರಿಲ್ಲದ ಕಾರಿನಲ್ಲಿ. ಅಕ್ಟೋಬರಿನಲ್ಲಿ ಅವಳು ತವರಿಗೆ ಹೋಗಿ ಅಣ್ಣನ ಹೊಲದಲ್ಲಿ ಗಡ್ಡೆ ಅಗೆಯಲು ಕೈಜೋಡಿಸಿದಳು. ಅಲ್ಲಿಯೂ ನಿದ್ದೆ ಹತ್ತಲಿಲ್ಲ. ಬೆಟ್ಟಗಳ ಆಚೆ ಮಿಕುನಿ ಘಟ್ಟ, ಘಟ್ಟದ ಆಚೆ ನೀಗಾತಾ, ಆಮೇಲೆ ಸಮುದ್ರ ಎಂದು ಮಲಗಿದಲ್ಲೇ ದಾರಿ ಎಣಿಸಿದಳು. ಹಿಮ ಬಿದ್ದರೆ ದಾರಿ ಕಷ್ಟ.

ನವೆಂಬರಿನ ಮೊದಲ ಶುಕ್ರವಾರ ಊಟದ ಹೊತ್ತಿಗೆ ಹೇಳಿದಳು: "ನಾಳೆ ಸಮುದ್ರ ನೋಡ್ಕೊಂಡು ಬರ್ತೀನಿ. ಒಬ್ಬಳೇ."

"ಅಷ್ಟು ದೂರ?"

"ಹೂಂ."

"ನನ್ನನ್ನೂ ಕರ್ಕೊಂಡು ಹೋಗು ಅಂದ್ರೆ?"

ತೊಕಿಕೊ ಚಾಪ್‌ಸ್ಟಿಕ್ ಕೆಳಗಿಟ್ಟಳು. "ಇನ್ನೊಂದು ಸಲ ಖಂಡಿತ. ಈ ಸಲ ಬೇಡ ರೀ."

ಅವನ ಮುಖ ಬಾಡಿತು. ಬೆಳಿಗ್ಗೆ ಅವಳು ಎದ್ದು ನೋಡುವಾಗ ಅವನು ಶೆಡ್ಡಿನಲ್ಲಿದ್ದ. ಬಗ್ಗಬಾರದ ಮನುಷ್ಯ ಪುಟ್ಟ ಸ್ಟೂಲಿನ ಮೇಲೆ ಕೂತು ಟೈರಿಗೆ ಗಾಳಿ ತುಂಬುತ್ತಿದ್ದ.

ಘಟ್ಟದ ಮೇಲೆ ಎಲೆಗಳೆಲ್ಲ ಕೆಂಪಾಗಿ ಅರ್ಧ ಉದುರಿದ್ದವು. ಮಾಡು ತೆರೆದು, ಕುತ್ತಿಗೆಗೆ ಉಣ್ಣೆ ಸುತ್ತಿ, ಅವಳು ಒಂದೊಂದೇ ತಿರುವು ಹತ್ತಿ ಸುರಂಗ ದಾಟಿ ಆಚೆ ಬದಿ ಇಳಿದಳು. ಭತ್ತ ಕೊಯ್ದ ಬಯಲಿನಲ್ಲಿ ಮಳೆ ಹನಿಯಿತು. ನಿಲ್ಲಿಸಿ ಮಾಡು ಹಾಕಿದಳು, ಬಿಟ್ಟ ಕೂಡಲೇ ಮತ್ತೆ ತೆಗೆದಳು. ಕಡಲತಡಿಯ ಊರು ತೆರಾದೊಮಾರಿಯ ಮೀನು ಮಾರುಕಟ್ಟೆಯ ಮುಂದೆ ಕಾರು ನಿಲ್ಲಿಸಿದಾಗ ಇಬ್ಬರು ಮುದುಕರು ಬಂದು, ಇದೇನಾ ಆ ಹೊಸದು, ಎಂಜಿನ್ ಎಲ್ಲಿದೆ, ಗಂಡ ಎಲ್ಲಿ ಎಂದು ಕೇಳಿದರು. ಮೊದಲ ಎರಡಕ್ಕೆ ಉತ್ತರ ಹೇಳಿ, ಕಡ್ಡಿಗೆ ಚುಚ್ಚಿ ಸುಟ್ಟ ಸ್ಕ್ವಿಡ್ ಮೀನು ಕೊಂಡು ದಡಕ್ಕೆ ನಡೆದಳು. ಬೂದು ಬಣ್ಣದ ಸಮುದ್ರ ನೆಲಕ್ಕೆ ಬಡಿಯುತ್ತಿತ್ತು.

ಅಲ್ಲಿಂದ ಮನೆಗೆ ಫೋನ್ ಮಾಡಿದಳು.

"ಮುಟ್ಟಿದೆಯಾ? ಘಟ್ಟದಲ್ಲಿ ಹೇಗೆ ಎಳೀತು?" ಎಂದ ಹಿಸಾಶಿ.

"ಚೆನ್ನಾಗಿ ಎಳೀತು. ಸುರಂಗದಲ್ಲಿ ಸದ್ದು ಕೇಳಬೇಕಿತ್ತು ನೀವು."

"ಮೂರರಲ್ಲಿ ಬಿಟ್ಟೆಯಾ, ಎರಡಕ್ಕೆ ಇಳಿಸಿದೆಯಾ?"

"ಎರಡಕ್ಕೆ."

"ಹೂಂ. ನಾನೂ ಇಳಿಸ್ತಿದ್ದೆ." ಅತ್ತ ಕಡೆ ಕುರ್ಚಿ ಎಳೆದುಕೊಂಡು ಕೂತ. "ಅದೇನು ಸದ್ದು ಹಿಂದೆ?"

"ಸಮುದ್ರ."

"ಯಾವಾಗ ಬರ್ತೀಯ?"

ತೊಕಿಕೊ ರಸ್ತೆಯ ಕಡೆ ನೋಡಿದಳು. ದಕ್ಷಿಣಕ್ಕೆ ಹೋದರೆ ಮನೆಯ ದಾರಿ. ಉತ್ತರಕ್ಕೆ ದಡದ ಗುಂಟ ರಸ್ತೆ ಬಂಡೆಗಳನ್ನು ಬಳಸಿ ಮರೆಯಾಗುತ್ತಿತ್ತು.

"ನಾಳೆ ಸಂಜೆ ಬರ್ತೀನಿ" ಎಂದಳು. "ಫ್ರಿಜ್ಜಲ್ಲಿ ಸಾರಿದೆ, ಬಿಸಿ ಮಾಡ್ಕೊಳ್ಳಿ."

"ಉಪ್ಪು ಹಾಕಿದೀಯಾ?"

"ಒಂದೇ ಸಲ" ಎಂದು ನಕ್ಕು ಫೋನ್ ಇಟ್ಟಳು. ಕೈಗೆ ಅಂಟಿದ ಸೋಯಾ ಸಾಸು ಒರೆಸಿಕೊಂಡು ಕಾರಿನಲ್ಲಿ ಕೂತು ಉತ್ತರದ ಕಡೆ ತಿರುಗಿಸಿದಳು.